ಹಳೇ ವೇಷದ ಹೊಸ ಕ್ಯಾಮೆರಾ: ಯಾವ ಡಯಲ್‌ಗೆ ಕೆಲಸವಿದೆ, ಯಾವುದು ಬರೀ ಒಡವೆ?

ಈ ಸಲದ ಮಾತು ಇಲ್ಲೇ ಹುಟ್ಟಿ ಬೆಳೆದ ಎಳೆಯ ಗೆಳೆಯರಿಗೆ. ರಜೆಯಲ್ಲಿ ಕೆಲಸ ಮಾಡಿ ಕೂಡಿಟ್ಟ ದುಡ್ಡಿನಲ್ಲೋ, ಮೊದಲ ಸಂಬಳದಲ್ಲೋ ಒಂದು ಒಳ್ಳೆಯ ಕ್ಯಾಮೆರಾ ಕೊಳ್ಳಬೇಕು ಅಂತ ನಿಮ್ಮಲ್ಲಿ ಹಲವರು ಲೆಕ್ಕ ಹಾಕುತ್ತಿದ್ದೀರಿ. ಕನ್ನಡ ಸಂಘದ ಕಾರ್ಯಕ್ರಮಗಳಲ್ಲಿ ಫೋಟೊ ತೆಗೆಯುವ ಸ್ವಯಂಸೇವಕರ ಗುಂಪಿನಲ್ಲಿ ನಾನೂ ಇರುವುದರಿಂದ "ಆಂಟಿ, ಯಾವುದು ತಗೊಳ್ಳಲಿ?" ಅನ್ನುವ ಪ್ರಶ್ನೆ ನನಗೆ ಆಗಾಗ ಬರುತ್ತದೆ. ಅದರ ಜೊತೆ ಫೋನಿನಲ್ಲಿ ತೋರಿಸುವ ಚಿತ್ರವೂ ಹೆಚ್ಚುಕಡಿಮೆ ಒಂದೇ ಥರ ಇರುತ್ತದೆ. ಮೇಲೆ ಬೆಳ್ಳಿ ಬಣ್ಣ, ಸುತ್ತ ಕಪ್ಪು ಚರ್ಮದಂಥ ಹೊದಿಕೆ, ನೆತ್ತಿಯ ಮೇಲೆ ಅಂಕಿ ಕೆತ್ತಿದ ಎರಡು ಮೂರು ಡಯಲ್‌ಗಳು. ನೋಡಿದರೆ ನಿಮ್ಮ ತಾತನ ಕಾಲದ್ದು, ಒಳಗೆ ಮಾತ್ರ ಇವತ್ತಿನ ಕಂಪ್ಯೂಟರ್.

ಇದನ್ನು ರೆಟ್ರೊ ವಿನ್ಯಾಸ ಅನ್ನುತ್ತಾರೆ. ಕೆಲವರು ಇದನ್ನು ಬರೀ ಶೋಕಿ ಎಂದು ತಳ್ಳಿಹಾಕುತ್ತಾರೆ. ಇನ್ನು ಕೆಲವರು ನಿಜವಾದ ಕ್ಯಾಮೆರಾ ಎಂದರೆ ಇದೇ ಎಂದು ಹೊಗಳುತ್ತಾರೆ. ಎರಡೂ ಪೂರ್ತಿ ಸರಿಯಲ್ಲ. ಒಂದೇ ಕ್ಯಾಮೆರಾದ ಮೈಮೇಲೆ ಕೆಲಸ ಮಾಡುವ ಡಯಲ್ಲೂ ಇರುತ್ತದೆ, ಕೆಲಸವಿಲ್ಲದ ಒಡವೆಯೂ ಇರುತ್ತದೆ, ಕೆಲಸಕ್ಕೆ ಅಡ್ಡ ಬರುವ ಡಯಲ್ಲೂ ಇರುತ್ತದೆ. ಯಾವುದು ಯಾವುದು ಅಂತ ಬೇರೆ ಮಾಡಿ ನೋಡುವುದನ್ನು ಕಲಿತರೆ ನಿಮ್ಮ ದುಡ್ಡು ಸರಿಯಾದ ಕಡೆ ಹೋಗುತ್ತದೆ. ಹಾಗೆ ನೋಡಲು ಮೊದಲು ಹಳೆಯ ಕ್ಯಾಮೆರಾಗೆ ಆ ರೂಪ ಯಾಕೆ ಬಂತು ಅಂತ ತಿಳಿಯಬೇಕು.

ಆ ರೂಪ ಬಂದದ್ದು ಹೇಗೆ?

ಕಥೆ ಶುರುವಾಗುವುದು ನಾವು ಇರುವ ಜರ್ಮನಿಯಲ್ಲೇ. ಫ್ರಾಂಕ್‌ಫರ್ಟ್‌ನಿಂದ ಉತ್ತರಕ್ಕೆ ವೆಟ್ಸ್ಲಾರ್ ಎಂಬ ಊರಿದೆ. ಅಲ್ಲಿ ಎರ್ನ್ಸ್ಟ್ ಲೈಟ್ಸ್ ಕಂಪನಿಯಲ್ಲಿ ಓಸ್ಕರ್ ಬಾರ್ನಾಕ್ ಎಂಬ ಕುಶಲಕರ್ಮಿ ಇದ್ದರು. ಅವರಿಗೆ ಉಬ್ಬಸದ ತೊಂದರೆ. ಆ ಕಾಲದ ಭಾರದ ಕ್ಯಾಮೆರಾ, ಗಾಜಿನ ಪ್ಲೇಟು, ಸ್ಟ್ಯಾಂಡು ಎಲ್ಲ ಹೊತ್ತು ಗುಡ್ಡ ಹತ್ತುವುದು ಅವರಿಗೆ ಕಷ್ಟವಾಗಿತ್ತು. ಸಿನಿಮಾಕ್ಕೆ ಬಳಸುತ್ತಿದ್ದ 35 ಮಿಲಿಮೀಟರ್ ಫಿಲ್ಮನ್ನೇ ಅಡ್ಡಡ್ಡವಾಗಿ ಓಡಿಸಿ, 24ಕ್ಕೆ 36 ಮಿಲಿಮೀಟರ್ ಅಳತೆಯ ಚಿತ್ರ ತೆಗೆಯುವ ಪುಟ್ಟ ಕ್ಯಾಮೆರಾವನ್ನು ಅವರು ಮೊದಲನೆಯ ಮಹಾಯುದ್ಧದ ಹೊತ್ತಿಗೇ ಮಾಡಿಟ್ಟಿದ್ದರು. 1925ರಲ್ಲಿ ಅದು ಲೈಪ್‌ಜಿಗ್ ವಸಂತ ಮೇಳದಲ್ಲಿ 'ಲೈಕಾ' ಎಂಬ ಹೆಸರಿನಿಂದ ಹೊರಬಂತು.

ಆ ಕ್ಯಾಮೆರಾ ಉದ್ದಕ್ಕೆ ಚಪ್ಪಟೆಯಾಗಿ ಇದ್ದುದಕ್ಕೆ ಕಾರಣ ಫಿಲ್ಮು. ಒಂದು ತುದಿಯಲ್ಲಿ ಫಿಲ್ಮಿನ ಸುರುಳಿ, ಇನ್ನೊಂದು ತುದಿಯಲ್ಲಿ ಅದು ಸುತ್ತಿಕೊಳ್ಳುವ ಉರುಳೆ, ನಡುವೆ ಲೆನ್ಸು. ಮೋಟರ್ ಇರಲಿಲ್ಲ, ಬ್ಯಾಟರಿ ಇರಲಿಲ್ಲ. ಹಾಗಾಗಿ ಮುಂದೆ ಉಬ್ಬಿದ ಹಿಡಿಯೂ ಬೇಕಾಗಿರಲಿಲ್ಲ.

ಆಮೇಲೆ ಬಂದ ಒಂದೊಂದು ಭಾಗವೂ ಹೀಗೆಯೇ. 1954ರ ಲೈಕಾ ಎಂ3ಯಲ್ಲಿ ಹೆಬ್ಬೆರಳಿನಿಂದ ಎಳೆಯುವ ಲಿವರ್ ಬಂತು. ಎಳೆದರೆ ಫಿಲ್ಮ್ ಮುಂದಕ್ಕೆ ಸರಿದು, ಶಟರ್‌ನ ಸ್ಪ್ರಿಂಗ್ ಬಿಗಿಯಾಗುತ್ತಿತ್ತು. ನೆತ್ತಿಯ ಮೇಲಿನ ಶಟರ್ ಡಯಲ್ ತಿರುಗಿಸಿದರೆ ಒಳಗಿನ ಯಂತ್ರವೇ ಹೊಂದಿಕೊಳ್ಳುತ್ತಿತ್ತು. ಎಡಗಡೆಯ ತಿರುಗಣಿ ಮುಗಿದ ಫಿಲ್ಮನ್ನು ಹಿಂದಕ್ಕೆ ಸುತ್ತುವುದಕ್ಕೆ. ಲೆನ್ಸಿನ ಸುತ್ತಲಿನ ಬಳೆ, ಅಂದರೆ ಅಪರ್ಚರ್ ರಿಂಗ್, ಒಳಗಿನ ಎಲೆಗಳನ್ನು ನೇರವಾಗಿ ತೆರೆದು ಮುಚ್ಚುತ್ತಿತ್ತು. ಕ್ಯಾಮೆರಾ ನೆತ್ತಿಯ ನಡುವಿನ ಗೋಪುರದಂಥ ಉಬ್ಬು ಇದೆಯಲ್ಲ, ಅದರೊಳಗೆ ಐದು ಮುಖದ ಗಾಜಿನ ಪ್ರಿಸಮ್ ಇತ್ತು. ಕನ್ನಡಿಯಲ್ಲಿ ಎಡಬಲ ಅದಲುಬದಲಾಗಿ ಕಾಣುವ ದೃಶ್ಯವನ್ನು ನೆಟ್ಟಗೆ ಮಾಡಿ ಕಣ್ಣಿಗೆ ತೋರಿಸುವುದು ಅದರ ಕೆಲಸ. ಡ್ರೆಸ್ಡೆನ್‌ನಲ್ಲಿ ತಯಾರಾದ 1949ರ ಕಾಂಟ್ಯಾಕ್ಸ್ ಎಸ್ ಆ ಬಗೆಯ ಮೊದಮೊದಲ ಕ್ಯಾಮೆರಾಗಳಲ್ಲಿ ಒಂದು. 1959ರ ನಿಕಾನ್ ಎಫ್ ಆ ರೂಪವನ್ನು ಜಗತ್ತಿನಾದ್ಯಂತ ಪತ್ರಿಕಾ ಛಾಯಾಗ್ರಾಹಕರ ಕೈಗೆ ಮುಟ್ಟಿಸಿತು.

ಅಂದರೆ ಇವತ್ತು ನಮಗೆ ಹಳೆಯ ಚೆಲುವು ಅನ್ನಿಸುವ ಪ್ರತಿಯೊಂದು ಗೆರೆಯೂ ಅಂದು ಒಂದು ಯಂತ್ರದ ಹೊರಮೈ. ಲೈಕಾ ತನ್ನ ಕಾಲದಲ್ಲಿ ತೀರಾ ಆಧುನಿಕ ವಸ್ತುವಾಗಿತ್ತು. ಹಳೆಯದರಂತೆ ಕಾಣಲಿ ಅಂತ ಬಾರ್ನಾಕ್ ಅದರ ಮೇಲೆ ಏನನ್ನೂ ಅಂಟಿಸಿರಲಿಲ್ಲ.

ಹಾಗಾದರೆ ಅದು ಹೋದದ್ದು ಯಾಕೆ?

ಕೆಲಸ ಬದಲಾಯಿತು, ಅದಕ್ಕೇ ರೂಪವೂ ಬದಲಾಯಿತು. 1985ರಲ್ಲಿ ಮಿನೋಲ್ಟಾ 7000 ಬಂತು. ಆಟೋಫೋಕಸ್ ಮತ್ತು ಫಿಲ್ಮ್ ಓಡಿಸುವ ಮೋಟರ್ ಎರಡೂ ಕ್ಯಾಮೆರಾದ ಒಳಗೇ ಸೇರಿದವು. ಎಳೆಯುವ ಲಿವರ್‌ಗೆ ಕೆಲಸ ಉಳಿಯಲಿಲ್ಲ. 1986ರಲ್ಲಿ ಕ್ಯಾನನ್ ಟಿ90 ಬಂತು. ಜರ್ಮನ್ ವಿನ್ಯಾಸಕಾರ ಲೂಯಿಜಿ ಕೊಲಾನಿಯವರ ಕೈಯೂ ಅದರಲ್ಲಿತ್ತು. ಮೂಲೆಗಳೆಲ್ಲ ದುಂಡಗಾಗಿ, ಬಲಗೈ ಮುಷ್ಟಿಗೆ ಸರಿಯಾಗಿ ಕೂರುವ ಹಿಡಿ ಬಂತು. ಅಂಕಿ ಕೆತ್ತಿದ ಡಯಲ್‌ಗಳು ಹೋಗಿ, ತೋರುಬೆರಳಿನ ಕೆಳಗೆ ಅಂಕಿಯೇ ಇಲ್ಲದ ಒಂದು ಸಣ್ಣ ಚಕ್ರ ಬಂತು. ಆ ಚಕ್ರ ಈಗ ಶಟರ್ ವೇಗ ಬದಲಿಸುತ್ತದೆ, ಇನ್ನೊಂದು ಗುಂಡಿ ಒತ್ತಿದರೆ ಬೇರೇನನ್ನೋ ಬದಲಿಸುತ್ತದೆ. ಬೆಲೆಗಳನ್ನು ಸಣ್ಣ ಪರದೆಯಲ್ಲಿ ಓದಬೇಕು. ಈಗಲೂ ಹೆಚ್ಚಿನ ಕ್ಯಾಮೆರಾಗಳು ಇದೇ ದಾರಿಯಲ್ಲಿವೆ.

ಇದಕ್ಕೆ ಗಟ್ಟಿ ಕಾರಣಗಳಿದ್ದವು. ಭಾರದ ಲೆನ್ಸನ್ನು ಗಂಟೆಗಟ್ಟಲೆ ಹಿಡಿಯಲು ಹಿಡಿ ಬೇಕು, ಆ ಹಿಡಿಯೊಳಗೆ ಬ್ಯಾಟರಿಗೂ ಜಾಗ ಸಿಗುತ್ತದೆ. ಅಂಕಿಯಿಲ್ಲದ ಚಕ್ರಕ್ಕೆ ಕೊನೆಯಿಲ್ಲ, ಎಷ್ಟು ಬೇಕಾದರೂ ಸಣ್ಣ ಹೆಜ್ಜೆಯಲ್ಲಿ ತಿರುಗಿಸಬಹುದು. 'ಓಡುವ ಮಕ್ಕಳಿಗೆ ಈ ಸೆಟ್ಟಿಂಗು, ಸಭಾಂಗಣಕ್ಕೆ ಆ ಸೆಟ್ಟಿಂಗು' ಎಂದು ಮೊದಲೇ ತುಂಬಿಟ್ಟು ಒಂದೇ ಸಲಕ್ಕೆ ಬದಲಿಸಬಹುದು. ಅಂಕಿ ಕೆತ್ತಿದ ಡಯಲ್‌ಗೆ ಈ ವಿದ್ಯೆ ಬರುವುದಿಲ್ಲ, ಅದು ತಾನೇ ತಿರುಗಲಾರದು.

ಮತ್ತೆ ಬಂದದ್ದು ಯಾಕೆ?

ಮರಳಿ ತಂದದ್ದು ನಿಮ್ಮ ಜೇಬಿನಲ್ಲಿರುವ ಫೋನು. ಜಪಾನಿನ ಕ್ಯಾಮೆರಾ ತಯಾರಕರ ಒಕ್ಕೂಟದ ಲೆಕ್ಕದಂತೆ 2010ರಲ್ಲಿ ಜಗತ್ತಿಗೆ ರವಾನೆಯಾದ ಡಿಜಿಟಲ್ ಕ್ಯಾಮೆರಾಗಳು 12 ಕೋಟಿಗೂ ಹೆಚ್ಚು. 2023ರ ಹೊತ್ತಿಗೆ ಅದು 80 ಲಕ್ಷಕ್ಕಿಂತ ಕೆಳಗೆ ಇಳಿದಿತ್ತು. ಸಾಧಾರಣ ಫೋಟೊಗೆ ಫೋನ್ ಸಾಕು ಎಂದಾದ ಮೇಲೆ, ಫೋನ್ ಕೊಡಲಾರದ ಏನನ್ನಾದರೂ ಕಂಪನಿಗಳು ಕೊಡಬೇಕಾಯಿತು. ಕೈಗೆ ತಿರುಗಿಸಲು ಸಿಗುವ ಡಯಲ್, ಕಣ್ಣಿಗಿಟ್ಟು ನೋಡುವ ಕಿಂಡಿ, ಮೇಜಿನ ಮೇಲಿಟ್ಟರೂ ಚೆಂದ ಕಾಣುವ ಮೈ.

1959ರ ತನ್ನದೇ ಪೆನ್ ಕ್ಯಾಮೆರಾದ ಹೆಸರಿನಲ್ಲಿ ಒಲಿಂಪಸ್ ಕಂಪನಿ 2009ರಲ್ಲಿ ಇ-ಪಿ1 ತಂದಿತು. 2010ರಲ್ಲಿ ಫ್ಯೂಜಿಫಿಲ್ಮ್ ತನ್ನ ಎಕ್ಸ್100 ತೋರಿಸಿದಾಗ ಆ ಗಾಳಿ ಜೋರಾಯಿತು. 2013ರಲ್ಲಿ ನಿಕಾನ್ ಡಿಎಫ್, 2021ರಲ್ಲಿ ನಿಕಾನ್ ಜ಼ಡ್ ಎಫ್‌ಸಿ, 2023ರಲ್ಲಿ ನಿಕಾನ್ ಜ಼ಡ್ ಎಫ್ ಬಂದವು. ಎಕ್ಸ್100 ಸಾಲಿನ ಐದನೆಯ ಮಾದರಿ ಇನ್‌ಸ್ಟಾಗ್ರಾಮ್, ಟಿಕ್‌ಟಾಕ್‌ಗಳಲ್ಲಿ ಹೆಸರಾಗಿ ಅಂಗಡಿಗಳಲ್ಲಿ ಸಿಗದಂತಾಯಿತು. 2024ರ ಫೆಬ್ರುವರಿಯಲ್ಲಿ ಅಮೆರಿಕದಲ್ಲಿ 1,599 ಡಾಲರ್ ಬೆಲೆಗೆ ಘೋಷಿಸಿದ ಎಕ್ಸ್100 ಸಿಕ್ಸ್‌ಗೂ ಜನ ತಿಂಗಳುಗಟ್ಟಲೆ ಕಾದರು. ನೀವು ತೋರಿಸುವ ಚಿತ್ರ ಬಹಳ ಸಲ ಇದರದ್ದೇ.

ತತ್ಸಮ, ತದ್ಭವ

ಇಲ್ಲಿ ನನ್ನ ಕನ್ನಡ ಎಂಎ ಸ್ವಲ್ಪ ಉಪಯೋಗಕ್ಕೆ ಬರುತ್ತದೆ. ಸಂಸ್ಕೃತದಿಂದ ಕನ್ನಡಕ್ಕೆ ಬಂದ ಪದಗಳನ್ನು ನಮ್ಮ ವ್ಯಾಕರಣದಲ್ಲಿ ಎರಡಾಗಿ ವಿಂಗಡಿಸುತ್ತಾರೆ. 'ಸೂರ್ಯ' ಅನ್ನುವುದು ಇದ್ದ ಹಾಗೇ ಬಂತು, ಅದು ತತ್ಸಮ. 'ವರ್ಣ' ನಮ್ಮ ನಾಲಿಗೆಗೆ ಹೊಂದಿಕೊಂಡು 'ಬಣ್ಣ' ಆಯಿತು, 'ಯಾತ್ರಾ' ಎಂಬುದು 'ಜಾತ್ರೆ' ಆಯಿತು. ಇವು ತದ್ಭವ. ಜಾತ್ರೆಗಂತೂ ಈಗ ತನ್ನದೇ ಬೇರೆ ಅರ್ಥ, ಬೇರೆ ಸಡಗರ ಇದೆ.

ಹಳೆಯ ಕ್ಯಾಮೆರಾದಿಂದ ಹೊಸದಕ್ಕೆ ಬಂದ ಭಾಗಗಳನ್ನೂ ಹೀಗೆ ನೋಡಬಹುದು. ಕೆಲವನ್ನು ಇದ್ದ ಹಾಗೇ ಎತ್ತಿ ತಂದಿದ್ದಾರೆ. ಕೆಲವನ್ನು ಹೊಸ ಕೆಲಸಕ್ಕೆ ತಕ್ಕಂತೆ ಬದಲಿಸಿ ತಂದಿದ್ದಾರೆ. ನಿಮ್ಮ ಮನೆಯ ವೆಟ್ ಗ್ರೈಂಡರ್ ನೋಡಿ. ಅಜ್ಜಿ ಕೂತು ತಿರುಗಿಸುತ್ತಿದ್ದ ಒರಳಿನ ಕಲ್ಲು ಅದರಲ್ಲಿ ಇನ್ನೂ ಇದೆ, ಯಾಕೆಂದರೆ ಇಡ್ಲಿ ಹಿಟ್ಟನ್ನು ಹೆಚ್ಚು ಬಿಸಿಯಾಗದಂತೆ ನುಣ್ಣಗೆ ಅರೆಯುವುದು ಆ ಕಲ್ಲೇ. ತೋಳು ನೋಯಿಸಿ ತಿರುಗಿಸುವ ಕೆಲಸ ಮೋಟರ್‌ಗೆ ಹೋಗಿದೆ. ಅದು ಒಳ್ಳೆಯ ತದ್ಭವ. ಈಗ ಕ್ಯಾಮೆರಾದ ಒಂದೊಂದು ಭಾಗವನ್ನೂ ಹೀಗೆ ತೂಗೋಣ.

ಮೊದಲು ಅಪರ್ಚರ್ ರಿಂಗ್. ಇದಕ್ಕೆ ಇಂದಿಗೂ ಪೂರ್ತಿ ಕೆಲಸವಿದೆ. ಒಳಗೆ ಈಗ ತಂತಿ, ಮೋಟರ್ ಇರಬಹುದು. ಆದರೆ ಎಡಗೈ ಹೇಗೂ ಲೆನ್ಸಿನ ಕೆಳಗೇ ಇರುತ್ತದೆ. ಕಿಂಡಿಯಿಂದ ಕಣ್ಣು ತೆಗೆಯದೆ ಬೆರಳು ಆಡಿಸಿದರೆ ಸಾಕು. ಕ್ಯಾಮೆರಾ ಆಫ್ ಆಗಿದ್ದಾಗಲೂ ಮೇಲಿನಿಂದ ನೋಡಿ ಎಷ್ಟಕ್ಕೆ ಇಟ್ಟಿದೆ ಅಂತ ಓದಬಹುದು. ಗ್ಯಾಸ್ ಒಲೆಯ ತಿರುಗಣಿಯನ್ನು ದೂರದಿಂದಲೇ ನೋಡಿ ಉರಿ ಸಣ್ಣಗಿದೆಯೋ ದೊಡ್ಡದಿದೆಯೋ ಹೇಳುತ್ತೇವಲ್ಲ, ಹಾಗೆ. ಟಚ್ ಗುಂಡಿಯ ಇಂಡಕ್ಷನ್ ಒಲೆಯಲ್ಲಿ ಆ ಸುಖ ಇಲ್ಲ.

ಆದರೆ ಎಲ್ಲ ರೆಟ್ರೊ ಕ್ಯಾಮೆರಾಗಳಿಗೂ ಈ ರಿಂಗ್ ಇಲ್ಲ. ಫ್ಯೂಜಿಯ ಎಕ್ಸ್100 ಸಾಲಿನಲ್ಲಿ ಇದೆ. ನಿಕಾನ್ ಜ಼ಡ್ ಎಫ್ ನೋಡಿ. ನೆತ್ತಿಯ ಮೇಲೆ ಐಎಸ್‌ಒ, ಶಟರ್, ಬೆಳಕಿನ ತಿದ್ದುಪಡಿ ಎಂದು ಮೂರು ಡಯಲ್‌ಗಳಿವೆ. ಅದರ ಜೊತೆ ಮಾರುವ ಹಳೇ ವೇಷದ 40 ಮಿಲಿಮೀಟರ್ ಲೆನ್ಸಿನಲ್ಲಿ ಅಪರ್ಚರ್ ರಿಂಗ್ ಇಲ್ಲ. ಅಪರ್ಚರನ್ನು ಅಂಕಿಯಿಲ್ಲದ ಚಕ್ರದಿಂದಲೇ ಬದಲಿಸಬೇಕು, ಒಂದು ಪುಟ್ಟ ಕಿಟಕಿಯಲ್ಲಿ ಅದರ ಬೆಲೆ ಕಾಣುತ್ತದೆ. ಅಂದರೆ ಅರ್ಧ ಕೆಲಸ ಹಳೇ ಕ್ರಮದಲ್ಲಿ, ಅರ್ಧ ಹೊಸ ಕ್ರಮದಲ್ಲಿ. ಅಭ್ಯಾಸವಾದರೆ ತೊಂದರೆಯಿಲ್ಲ, ಆದರೆ ಅಂಗಡಿಗೆ ಹೋಗುವ ಮುಂಚೆ ನಿಮಗೆ ಗೊತ್ತಿರಲಿ.

ಎರಡನೆಯದು ಶಟರ್ ಡಯಲ್. 1/60, 1/125, 1/250, 1/500 ಎಂದು ದುಪ್ಪಟ್ಟಿನ ಹೆಜ್ಜೆಯಲ್ಲಿ ಅಂಕಿಗಳು ಇರುತ್ತವೆ. ಡಿಜಿಟಲ್‌ನಲ್ಲಿ ಅವುಗಳ ನಡುವೆಯೂ ಹೆಜ್ಜೆಗಳು ಬೇಕು. ಅದಕ್ಕೆ ಜ಼ಡ್ ಎಫ್‌ನ ಡಯಲ್‌ನಲ್ಲಿ '1/3 ಸ್ಟೆಪ್' ಎಂಬ ಒಂದು ಜಾಗ ಇಟ್ಟಿದ್ದಾರೆ. ಅಲ್ಲಿಗೆ ತಿರುಗಿಸಿದರೆ ಅಧಿಕಾರ ಹೊಸ ಚಕ್ರಕ್ಕೆ ಹೋಗುತ್ತದೆ. ಇದು ತದ್ಭವದ ಪ್ರಯತ್ನ. ಆದರೆ ಇನ್ನೊಂದು ಸೂಕ್ಷ್ಮ ಇದೆ. ಅದೇ ಕ್ಯಾಮೆರಾವನ್ನು ಶಟರ್ ವೇಗ ತಾನೇ ಆರಿಸಿಕೊಳ್ಳುವ ಮೋಡ್‌ನಲ್ಲಿ ಇಟ್ಟರೆ, ಡಯಲ್ 1/125 ಅಂತ ತೋರಿಸುತ್ತಿದ್ದರೂ ಒಳಗೆ ನಡೆಯುವುದು ಬೇರೆ ವೇಗ. ಕೆತ್ತಿದ ಅಂಕಿ ಸುಳ್ಳು ಹೇಳುತ್ತದೆ. ಹಳೆಯ ಯಂತ್ರದ ಡಯಲ್ ಎಂದೂ ಸುಳ್ಳು ಹೇಳುತ್ತಿರಲಿಲ್ಲ, ಹೇಳುವ ದಾರಿಯೇ ಅದಕ್ಕೆ ಇರಲಿಲ್ಲ. ಫ್ಯೂಜಿಯವರು ಇದನ್ನು ಬೇರೆ ಥರ ಬಿಡಿಸಿದ್ದಾರೆ. ಡಯಲ್‌ನಲ್ಲೇ 'ಎ' ಎಂಬ ಅಕ್ಷರ ಇದೆ. ಅಲ್ಲಿಟ್ಟರೆ ಕ್ಯಾಮೆರಾ ಆರಿಸುತ್ತದೆ, ಅಂಕಿಯಲ್ಲಿಟ್ಟರೆ ನೀವು ಆರಿಸಿದ್ದೀರಿ. ನೋಡಿದ ಕೂಡಲೇ ಯಜಮಾನ ಯಾರು ಅಂತ ಗೊತ್ತಾಗುತ್ತದೆ.

ಮೂರನೆಯದು ಐಎಸ್‌ಒ ಡಯಲ್. ಇಲ್ಲಿ ನನಗೆ ತುಂಬ ಸ್ವಾರಸ್ಯ ಕಾಣುತ್ತದೆ. ಫಿಲ್ಮ್ ಕಾಲದಲ್ಲಿ ಐಎಸ್‌ಒ ಎಂದರೆ ಫಿಲ್ಮಿನ ಗುಣ. 36 ಚಿತ್ರದ ಸುರುಳಿ ಹಾಕಿದಾಗ ಒಮ್ಮೆ ಹೊಂದಿಸಿದರೆ ಮುಗಿಯಿತು. ಹಾಗಾಗಿ ಶಟರ್ ಡಯಲ್‌ನ ಅಂಚನ್ನು ಮೇಲಕ್ಕೆ ಎತ್ತಿ ತಿರುಗಿಸುವಂತೆ, ಸಣ್ಣ ಕಿಟಕಿಯಲ್ಲಿ ಅಂಕಿ ಕಾಣುವಂತೆ ಮಾಡುತ್ತಿದ್ದರು. ಅದು ಕಷ್ಟವಾಗಿರಬೇಕಿತ್ತು, ನಡುವೆ ಕೈತಪ್ಪಿ ತಿರುಗಬಾರದಲ್ಲ! 2016ರಲ್ಲಿ ಫ್ಯೂಜಿ ಎಕ್ಸ್-ಪ್ರೊ2 ಇದೇ ಎತ್ತಿ ತಿರುಗಿಸುವ ಡಯಲನ್ನು ಹಾಗೇ ತಂದಿತು. ನೋಡಲು ಬಹಳ ಮುದ್ದು. ಆದರೆ ಡಿಜಿಟಲ್‌ನಲ್ಲಿ ಐಎಸ್‌ಒ ಚಿತ್ರದಿಂದ ಚಿತ್ರಕ್ಕೆ ಬದಲಾಗುತ್ತದೆ. ಬಿಸಿಲಿನಿಂದ ಒಳಗೆ ಬಂದ ಕೂಡಲೇ ಬದಲಿಸಬೇಕು. ಬೇಗ ಆಗಬೇಕಾದ ಕೆಲಸಕ್ಕೆ, ಬೇಕೆಂದೇ ನಿಧಾನ ಮಾಡಿದ್ದ ಉಪಕರಣವನ್ನು ಕೊಟ್ಟ ಹಾಗಾಯಿತು. ಕೆಲಸ ಬದಲಾದದ್ದನ್ನು ನೋಡದೆ ರೂಪವನ್ನು ಮಾತ್ರ ತಂದ ತತ್ಸಮ ಇದು. ಐಎಸ್‌ಒವನ್ನು 'ಆಟೊ'ದಲ್ಲಿಟ್ಟು ಬಳಸುವವರಿಗೆ ಇದು ಕಾಡುವುದಿಲ್ಲ. ಕೈಯಾರೆ ಬದಲಿಸುವವರು ಮಾತ್ರ ಅಂಗಡಿಯಲ್ಲೇ ಹತ್ತು ಸಲ ತಿರುಗಿಸಿ ನೋಡಬೇಕು.

ಇದಕ್ಕೆ ಎದುರಾಗಿ ಬೆಳಕಿನ ತಿದ್ದುಪಡಿಯ ಡಯಲ್ ಇದೆ. ಮೈನಸ್ 3ರಿಂದ ಪ್ಲಸ್ 3ರವರೆಗೆ ಅಂಕಿ ಇರುವುದು. ಬೆಳಕಿನ ಲೆಕ್ಕವನ್ನು ಕ್ಯಾಮೆರಾ ತಾನೇ ಹಾಕುವ ಈ ಕಾಲದಲ್ಲಿ 'ಸ್ವಲ್ಪ ಕತ್ತಲಾಗಲಿ, ಸ್ವಲ್ಪ ಬೆಳಕಾಗಲಿ' ಅಂತ ಹೇಳುವುದೇ ನಮಗೆ ಉಳಿದಿರುವ ಮುಖ್ಯ ಕೆಲಸ. ಹೆಬ್ಬೆರಳಿಗೆ ಸಿಗುವ ಹಾಗೆ ಇದಕ್ಕೆ ಪ್ರತ್ಯೇಕ ಡಯಲ್ ಇಟ್ಟರೆ ದಿನನಿತ್ಯ ಉಪಯೋಗ. ಇದನ್ನು ನಾನು ಒಡವೆಗಳ ಪಟ್ಟಿಗೆ ಸೇರಿಸಲಾರೆ.

ಒಂದೇ ಲಿವರ್, ಮೂರು ಕಥೆ

ಫಿಲ್ಮ್ ಎಳೆಯುವ ಲಿವರ್ ಡಿಜಿಟಲ್ ಕ್ಯಾಮೆರಾಗೆ ಯಾಕೆ ಬೇಕು? ಈ ಪ್ರಶ್ನೆಗೆ ಮೂರು ಕಂಪನಿಗಳು ಮೂರು ಉತ್ತರ ಕೊಟ್ಟಿವೆ.

2004ರಲ್ಲಿ ಎಪ್ಸನ್ ಕಂಪನಿ ಆರ್-ಡಿ1 ಎಂಬ ಕ್ಯಾಮೆರಾ ತಂದಿತು. ಅದರಲ್ಲಿ ಫಿಲ್ಮ್ ಇಲ್ಲ, ಆದರೂ ಲಿವರ್ ಇತ್ತು. ಒಳಗಿನ ಶಟರ್ ಹಳೆಯ ಯಂತ್ರದ ಮಾದರಿಯದೇ ಆಗಿತ್ತು. ಪ್ರತಿ ಚಿತ್ರಕ್ಕೂ ಲಿವರ್ ಎಳೆದು ಅದರ ಸ್ಪ್ರಿಂಗ್ ಬಿಗಿಗೊಳಿಸಬೇಕಿತ್ತು. ಎಳೆಯದಿದ್ದರೆ ಚಿತ್ರ ಬರುತ್ತಿರಲಿಲ್ಲ. ಅದು ನಿಜವಾದ ಲಿವರ್.

2018ರಲ್ಲಿ ಲೈಕಾ ಎಂ10-ಡಿ ಬಂತು. ಹಿಂದೆ ಪರದೆಯೇ ಇಲ್ಲದ ಡಿಜಿಟಲ್ ಕ್ಯಾಮೆರಾ. ಅದರ ಮೇಲೂ ಲಿವರ್ ಇದ್ದಂತೆ ಕಾಣುತ್ತದೆ. ಎಳೆದರೆ ಹೊರಗೆ ಬರುತ್ತದೆ, ಆದರೆ ಒಳಗೆ ಏನೂ ಚಲಿಸುವುದಿಲ್ಲ. ಅದು ಹೆಬ್ಬೆರಳು ಊರಿಕೊಳ್ಳಲು ಇಟ್ಟ ಆಸರೆ. ಚಪ್ಪಟೆ ಕ್ಯಾಮೆರಾಗೆ ಹೆಬ್ಬೆರಳಿನ ಆಸರೆ ಒಳ್ಳೆಯದೇ, ಆ ಮಟ್ಟಿಗೆ ಅದಕ್ಕೂ ಒಂದು ಕೆಲಸವಿದೆ. ಲಿವರ್‌ನ ಆಕಾರ ಮಾತ್ರ ನೆನಪಿಗಾಗಿ.

2025ರಲ್ಲಿ ಫ್ಯೂಜಿಯ ಎಕ್ಸ್ ಹಾಫ್ ಬಂತು. ಸುಮಾರು 240 ಗ್ರಾಂ ತೂಕದ ಪುಟ್ಟ ಕ್ಯಾಮೆರಾ. ಅದರಲ್ಲಿ 'ಫಿಲ್ಮ್ ಕ್ಯಾಮೆರಾ' ಎಂಬ ಮೋಡ್ ಇದೆ. 36, 54 ಅಥವಾ 72 ಚಿತ್ರಗಳ ಒಂದು ಸುರುಳಿ ಆರಿಸಿಕೊಂಡರೆ, ಅದು ಮುಗಿಯುವವರೆಗೂ ತೆಗೆದ ಚಿತ್ರ ನೋಡುವಂತಿಲ್ಲ. ಪ್ರತಿ ಚಿತ್ರದ ನಂತರ ಲಿವರ್ ಎಳೆಯಬೇಕು. ಯಂತ್ರಕ್ಕೆ ಆ ಎಳೆತದ ಅಗತ್ಯವಿಲ್ಲ. ತೆಗೆಯುವವರ ಮನಸ್ಸಿಗೆ ಇರಬಹುದು. ಒಂದೇ ಹೂವಿಗೆ ನಲವತ್ತು ಫೋಟೊ ಹೊಡೆದು ಯಾವುದನ್ನೂ ನೋಡದ ನಮಗೆ, ನಿಂತು ಯೋಚಿಸಿ ಒಂದು ತೆಗೆಯುವುದನ್ನು ಅದು ಕಲಿಸೀತು. ಇದನ್ನು ಆಟ ಎನ್ನಿ, ವ್ರತ ಎನ್ನಿ, ಗೊತ್ತಿದ್ದೇ ಆಡಿದರೆ ತಪ್ಪಿಲ್ಲ.

ಕಾಣದ ಒಂದು ಸಣ್ಣ ಕಡ್ಡಿ

ನಿಕಾನ್ ಡಿಎಫ್ ಬಂದಾಗ ಬಹಳ ಟೀಕೆ ಕೇಳಿಬಂತು. 2013ರ ಕ್ಯಾಮೆರಾ, ವಿಡಿಯೊ ಸೌಲಭ್ಯ ಬೇಕೆಂದೇ ಬಿಟ್ಟಿದ್ದರು. ಮೈತುಂಬ ಡಯಲ್‌ಗಳು, ಕೆಲವನ್ನು ಬೀಗದ ಗುಂಡಿ ಒತ್ತಿಯೇ ತಿರುಗಿಸಬೇಕು. ಬ್ಯಾಟರಿ ಸೇರಿ 765 ಗ್ರಾಂ ತೂಕ, ಹಳೆಯ ಫಿಲ್ಮ್ ನಿಕಾನ್‌ಗಳಿಗಿಂತ ಬಹಳ ದಪ್ಪ. ವೇಷ ಹಳೆಯದು, ಮೈಕಟ್ಟು ಹೊಸದು ಎಂದು ಜನ ನಕ್ಕರು.

ಆದರೆ ಅದೇ ಕ್ಯಾಮೆರಾದಲ್ಲಿ ಲೆನ್ಸ್ ಕೂರುವ ಜಾಗದ ಅಂಚಿಗೆ ಒಂದು ಸಣ್ಣ ಕಡ್ಡಿ ಇದೆ. ಅದನ್ನು ಮಡಚಬಹುದು. ಮಡಚಿದರೆ 1959ರಿಂದ ಬಂದ ನಿಕಾನ್‌ನ ತೀರಾ ಹಳೆಯ ಲೆನ್ಸುಗಳೂ ಅಪಾಯವಿಲ್ಲದೆ ಕೂರುತ್ತವೆ. ಆ ಕಾಲದ ಬೇರೆ ನಿಕಾನ್ ಡಿಜಿಟಲ್‌ಗಳಲ್ಲಿ ಹೆಚ್ಚಿನವಕ್ಕೆ ಹಾಗೆ ಹಾಕಿದರೆ ಒಳಗಿನ ಭಾಗ ಮುರಿಯುವ ಭಯವಿತ್ತು. ಬೆಳ್ಳಿ ಬಣ್ಣವನ್ನು ಎಲ್ಲರೂ ನೋಡಿದರು, ಈ ಕಡ್ಡಿಯನ್ನು ಗಮನಿಸಿದವರು ಕಡಿಮೆ. ಅಜ್ಜ ಬಿಟ್ಟುಹೋದ ಲೆನ್ಸನ್ನು ಮೊಮ್ಮಗಳು ಬಳಸುವ ಹಾಗೆ ಮಾಡಿದ್ದು ಬಣ್ಣ ಅಲ್ಲ, ಆ ಕಡ್ಡಿ. ಹಳೆಯದಕ್ಕೆ ಗೌರವ ಕೊಡುವುದು ಅಂದರೆ ನನಗೆ ಮೊದಲು ನೆನಪಾಗುವುದು ಇದೇ.

ಈಗ ಆ ಕೆಲಸ ಇನ್ನೂ ಸುಲಭ. ಕನ್ನಡಿಯಿಲ್ಲದ ಇಂದಿನ ಯಾವ ಕ್ಯಾಮೆರಾಗೂ ಒಂದು ಅಡಾಪ್ಟರ್ ಹಾಕಿ ಹಳೆಯ ಎಸ್‌ಎಲ್‌ಆರ್ ಲೆನ್ಸುಗಳನ್ನು ಬಳಸಬಹುದು. ಫೋಕಸ್ ಮಾತ್ರ ಕೈಯಲ್ಲೇ ಮಾಡಬೇಕು. ಈ ಬೇಸಿಗೆಯಲ್ಲಿ ಊರಿಗೆ ಹೋದಾಗ ಬೀರುವಿನ ಮೇಲಿನ ಪೆಟ್ಟಿಗೆಯಲ್ಲಿ ಅಂಥದ್ದೇನಾದರೂ ಇದೆಯೇ ಕೇಳಿ. ಸಿಕ್ಕರೆ ಲೆನ್ಸನ್ನು ಬೆಳಕಿಗೆ ಹಿಡಿದು ಒಳಗೆ ನೋಡಿ. ಕರಾವಳಿ, ಮಲೆನಾಡಿನ ತೇವಕ್ಕೆ ಗಾಜಿನ ಮೇಲೆ ಜೇಡರ ಬಲೆಯಂಥ ಬೂಷ್ಟು ಹಿಡಿದಿರುವುದುಂಟು. ಅದಿಲ್ಲದಿದ್ದರೆ ನಿಮಗೆ ನಿಜವಾದ ಅಪರ್ಚರ್ ರಿಂಗ್ ಬಿಟ್ಟಿಯಾಗಿ ಸಿಕ್ಕಿತು ಅಂತ ಲೆಕ್ಕ.

ನಿಮ್ಮ ಕೆಲಸ ಯಾವುದು?

ಒಳ್ಳೆಯ ಕ್ಯಾಮೆರಾ ಯಾವುದು ಎಂಬ ಪ್ರಶ್ನೆಗಿಂತ ನೀವು ಏನು ತೆಗೆಯುತ್ತೀರಿ ಎಂಬುದನ್ನು ಮೊದಲು ಕೇಳಿಕೊಳ್ಳಿ. ನಮ್ಮ ರಾಜ್ಯೋತ್ಸವದ ವೇದಿಕೆಯನ್ನೇ ನೆನೆಸಿಕೊಳ್ಳಿ. ಸಭಾಂಗಣ ಕತ್ತಲು, ವೇದಿಕೆಯ ಬಣ್ಣದ ದೀಪ ನಿಮಿಷಕ್ಕೊಮ್ಮೆ ಬದಲಾಗುತ್ತದೆ. ಯಕ್ಷಗಾನದ ವೇಷಧಾರಿ ದಿಗಿಣ ಹಾಕಿದಾಗ ಕಿರೀಟ ಮಸುಕಾಗಬಾರದೆಂದರೆ ಶಟರ್ 1/500ರ ಆಸುಪಾಸು ಬೇಕು, ಅದಕ್ಕೆ ತಕ್ಕಂತೆ ಐಎಸ್‌ಒ ಏರಬೇಕು. ನೀವು ನಿಂತಿರುವುದು ಹಿಂದಿನ ಸಾಲಿನಲ್ಲಿ. ಎಕ್ಸ್100 ಸಾಲಿನ ಕ್ಯಾಮೆರಾದ ಲೆನ್ಸು ಬದಲಿಸಲು ಬರುವುದಿಲ್ಲ, ಅದು ಅಗಲವಾದ ನೋಟದ ಲೆನ್ಸು. ಹಿಂದಿನ ಸಾಲಿನಿಂದ ತೆಗೆದರೆ ವೇಷಧಾರಿ ಬೆರಳಿನಷ್ಟು, ಮುಂದಿನವರ ತಲೆಗಳು ಕುಂಬಳಕಾಯಿಯಷ್ಟು.

ಅಲ್ಲಿಗೆ ಬೇಕಾದದ್ದು 70-200 ಮಿಲಿಮೀಟರ್‌ನಂಥ ದೊಡ್ಡ ಜ಼ೂಮ್. ಎಫ್ 2.8ರ ಅಂಥ ಲೆನ್ಸು ಒಂದೇ ಒಂದು ಕೆಜಿಗೂ ಹೆಚ್ಚು ತೂಗುತ್ತದೆ. ಅದನ್ನು ಮುಂಭಾಗ ಚಪ್ಪಟೆಯಾದ ಕ್ಯಾಮೆರಾಗೆ ಸಿಕ್ಕಿಸಿ ಮೂರು ಗಂಟೆ ಹಿಡಿದರೆ ಮರುದಿನ ಚಪಾತಿ ಹಿಟ್ಟು ನಾದಲು ಬೆರಳು ಬಗ್ಗುವುದಿಲ್ಲ. ಜ಼ಡ್ ಎಫ್‌ಗೆ ನಿಕಾನ್ ಕಂಪನಿಯೇ ಬೇರೆಯಾಗಿ ಒಂದು ಹಿಡಿಯನ್ನು ಮಾರುತ್ತದೆ. ಅದನ್ನು ಹಾಕಿದ ಮೇಲೆ ಹಳೇ ವೇಷ ಅರ್ಧ ಕಳಚಿತು. ಇಂಥ ಕೆಲಸ ಮಾಡುವವರು ದಪ್ಪ ಹಿಡಿಯ, ಕಪ್ಪು ಪ್ಲಾಸ್ಟಿಕ್ಕಿನಂತೆ ಕಾಣುವ ಕ್ಯಾಮೆರಾವನ್ನೇ ತಗೊಳ್ಳಿ. ಹಕ್ಕಿ ತೆಗೆಯುವವರಿಗೂ ಇದೇ ಮಾತು. ಕಥೆಗಾರರಾಗಿ ನಿಮಗೆ ಗೊತ್ತಿರುವ ಪೂರ್ಣಚಂದ್ರ ತೇಜಸ್ವಿ ಮೂಡಿಗೆರೆಯಲ್ಲಿ ಇದ್ದುಕೊಂಡು ಹಕ್ಕಿಗಳ ಫೋಟೊ ತೆಗೆಯುವುದರಲ್ಲೂ ಅಷ್ಟೇ ಮುಳುಗಿದ್ದವರು. ಕೊಂಬೆಯ ಮೇಲಿನ ಹಕ್ಕಿ ನಿಮ್ಮ ಕ್ಯಾಮೆರಾದ ಚೆಂದ ನೋಡುತ್ತಾ ಕೂರುವುದಿಲ್ಲ. ಉದ್ದ ಲೆನ್ಸು, ಚುರುಕು ಫೋಕಸ್, ಗಟ್ಟಿ ಹಿಡಿ, ಇಷ್ಟೇ ಅಲ್ಲಿ ಮುಖ್ಯ.

ನಿಮ್ಮ ಆಸಕ್ತಿ ಬೇರೆ ಇರಬಹುದು. ರಸ್ತೆ, ಗೆಳೆಯರು, ಪ್ರಯಾಣ, ಅಡುಗೆಮನೆಯಲ್ಲಿ ಹಪ್ಪಳ ಕರಿಯುವ ಅಜ್ಜಿ. ಅಲ್ಲಿ ಸುಮಾರು 520 ಗ್ರಾಂ ತೂಗುವ, ಭುಜಕ್ಕೆ ಹಾಕಿಕೊಂಡಿದ್ದೇ ಮರೆತುಹೋಗುವ ಎಕ್ಸ್100 ಸಿಕ್ಸ್ ಸೊಗಸಾದ ಸಂಗಾತಿ. ಮುಖಕ್ಕೆ ದೊಡ್ಡ ಲೆನ್ಸು ಗುರಿಯಿಟ್ಟರೆ ಅಜ್ಜಿ ಸೆರಗು ಸರಿಮಾಡಿಕೊಂಡು ಕಲ್ಲಾಗಿಬಿಡುತ್ತಾರೆ. ಪುಟ್ಟ ಕ್ಯಾಮೆರಾಗೆ ಮಾತು ಮುಂದುವರಿಸುತ್ತಾರೆ. ಇನ್ನೊಂದು ಮಾತು. ಚೆಂದ ಕಾಣುವುದೂ ಒಂದು ಉಪಯೋಗವೇ. ಇಷ್ಟವಾದ ವಸ್ತುವನ್ನು ನಾವು ದಿನಾ ಜೊತೆಗೆ ಒಯ್ಯುತ್ತೇವೆ, ಒಯ್ದ ಕ್ಯಾಮೆರಾದಲ್ಲೇ ಫೋಟೊ ಬರುವುದು. ಕಪಾಟಿನಲ್ಲಿ ಉಳಿದ ಬಲಶಾಲಿ ಕ್ಯಾಮೆರಾದಲ್ಲಿ ಬರುವುದಿಲ್ಲ.

ಅಂಗಡಿಯಲ್ಲಿ ಐದು ನಿಮಿಷ

ಕೊಳ್ಳುವ ಮುನ್ನ ಅಂಗಡಿಗೆ ಹೋಗಿ ಕ್ಯಾಮೆರಾ ಕೈಗೆ ತಗೊಳ್ಳಿ. ಆನ್‌ಲೈನ್ ಚಿತ್ರಕ್ಕೆ ತೂಕವಿಲ್ಲ, ನೆನಪಿರಲಿ.

ಒಂದು, ಆಫ್ ಇರುವಾಗಲೇ ಮೇಲಿನಿಂದ ನೋಡಿ. ಅಪರ್ಚರ್, ಶಟರ್, ಐಎಸ್‌ಒ ಮೂರನ್ನೂ ಓದಲು ಆಗುತ್ತದೆಯೇ?

ಎರಡು, ಆನ್ ಮಾಡಿ ಕಿಂಡಿಗೆ ಕಣ್ಣಿಟ್ಟು, ಕಣ್ಣು ತೆಗೆಯದೆ ಆ ಮೂರನ್ನೂ ಬದಲಿಸಿ. ಯಾವುದಕ್ಕೆ ಕ್ಯಾಮೆರಾ ಕೆಳಗಿಳಿಸಬೇಕಾಯಿತೋ ಅದು ನಿಮಗೆ ಮುಂದೆ ತೊಂದರೆ ಕೊಡುವ ಡಯಲ್.

ಮೂರು, ಆಟೊ ಮೋಡ್‌ಗೆ ಹಾಕಿ. ಡಯಲ್ ತೋರಿಸುವ ಅಂಕಿ ಮತ್ತು ಪರದೆಯ ಅಂಕಿ ಒಂದೇ ಇದೆಯೇ? ಇಲ್ಲದಿದ್ದರೆ ಯಾವಾಗ ಯಾವುದನ್ನು ನಂಬಬೇಕು ಅಂತ ಅಂಗಡಿಯವರನ್ನು ಕೇಳಿ.

ನಾಲ್ಕು, ನೀವು ಹೆಚ್ಚು ಬಳಸಲಿರುವ ಲೆನ್ಸನ್ನೇ ಹಾಕಿಸಿಕೊಂಡು ಒಂದೇ ಕೈಯಲ್ಲಿ ಐದು ನಿಮಿಷ ಹಿಡಿದು ನಿಲ್ಲಿ. ಅಂಗಡಿಯವರು ನಕ್ಕರೆ ನಗಲಿ.

ಐದು, ಅದರಲ್ಲಿ ನಿಮಗೆ ತುಂಬ ಇಷ್ಟವಾದ ಒಂದು ಭಾಗ ಆರಿಸಿ, 'ಇದು ಏನು ಮಾಡುತ್ತದೆ?' ಅಂತ ಕೇಳಿಕೊಳ್ಳಿ. 'ಚೆಂದ ಕಾಣುತ್ತದೆ' ಎಂಬುದೇ ಉತ್ತರವಾದರೂ ಪರವಾಗಿಲ್ಲ. ಒಡವೆಯನ್ನು ಒಡವೆ ಅಂತ ತಿಳಿದೇ ಕೊಳ್ಳಿ, ಬೆಲೆಯಲ್ಲಿ ಅದಕ್ಕೆಷ್ಟು ಅಂತ ಲೆಕ್ಕ ಹಾಕಿ.

ವೆಟ್ಸ್ಲಾರ್ ಕಡೆ ಹೋಗುವ ಅವಕಾಶ ಇರುವವರು ಅಲ್ಲಿನ ಲೈಟ್ಸ್ ಪಾರ್ಕಿನಲ್ಲಿರುವ ಎರ್ನ್ಸ್ಟ್ ಲೈಟ್ಸ್ ಮ್ಯೂಸಿಯಂಗೆ ಒಮ್ಮೆ ಹೋಗಿ ಬನ್ನಿ. ಹೊಸದನ್ನು ಕೊಂಡವರು ನವೆಂಬರ್‌ನ ರಾಜ್ಯೋತ್ಸವಕ್ಕೆ ಅದನ್ನು ತಪ್ಪದೆ ತನ್ನಿ. ಮುಂದಿನ ಸಾಲಿನಲ್ಲಿ ಪುಟ್ಟ ಕ್ಯಾಮೆರಾದವರಿಗೆ, ಹಿಂದಿನ ಸಾಲಿನಲ್ಲಿ ಉದ್ದ ಲೆನ್ಸಿನವರಿಗೆ ಜಾಗ ಹಿಡಿದಿಟ್ಟಿರುತ್ತೇನೆ. ಯಕ್ಷಗಾನ ಕಾರ್ಯಕ್ರಮದ ಕೊನೆಯಲ್ಲಿದೆ, ಬ್ಯಾಟರಿ ಪೂರ್ತಿ ಚಾರ್ಜ್ ಮಾಡಿಕೊಂಡು ಬನ್ನಿ.